ನಿರಿಗೆ ಹಿಡಿದ ಕಾಗದ

ನಿಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಟಿ.ವಿ. ಬಂದದ್ದೋ, ಮಿಕ್ಸಿ ಬಂದದ್ದೋ. ಒಳಗಿದ್ದ ಸಾಮಾನು ಕೆಟ್ಟು ಗುಜರಿಗೆ ಹೋಗಿದ್ದರೂ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಸಾಡುವುದಿಲ್ಲ. ಮನೆ ಬದಲಾಯಿಸುವಾಗ ಬೇಕಾದೀತು ಎಂದು ಎತ್ತಿಟ್ಟಿರುತ್ತಾರೆ. ಬಿಡುವಾದಾಗ ಒಮ್ಮೆ ಅದನ್ನು ಕೆಳಗಿಳಿಸಿ, ಮುಚ್ಚಳದ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಮೂರನೆಯದೊಂದು ಹಾಳೆ ಸೀರೆಯ ನಿರಿಗೆಯಂತೆ ಏರುತ್ತ ಇಳಿಯುತ್ತ ಸಾಗಿರುವುದು ಕಾಣುತ್ತದೆ. ಪೆಟ್ಟಿಗೆಯ ಶಕ್ತಿಯೆಲ್ಲ ಇರುವುದು ಆ ನಿರಿಗೆಯಲ್ಲಿ. ಅಂಚಿನಲ್ಲಿ ನಿಲ್ಲಿಸಿದ ಹಾಳೆ ತಾನೇ ಬಾಗಿ ಬೀಳುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ನಿಲ್ಲಿಸಿದರೆ ಅದರ ತಲೆಯ ಮೇಲೆ ಒಂದು ಪುಸ್ತಕ ಇಡಬಹುದು. ಮಕ್ಕಳೂ ಮಾಡಿ ನೋಡಬಹುದಾದ ಈ ಸಣ್ಣ ಪ್ರಯೋಗ ಸರಕು ಸಾಗಣೆಯ ಬಲುದೊಡ್ಡ ಉದ್ಯಮವಾಗಿ ಬೆಳೆದದ್ದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಆರಂಭವಾದದ್ದು ಪೆಟ್ಟಿಗೆಯಿಂದಲ್ಲ, ಟೋಪಿಯಿಂದ. 1856ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೀಲಿ ಮತ್ತು ಎಡ್ವರ್ಡ್ ಆ್ಯಲೆನ್ ಎಂಬ ಇಬ್ಬರು ನಿರಿಗೆ ಕಾಗದಕ್ಕೆ ಪೇಟೆಂಟು ಪಡೆದರು. ಆಗಿನ ಸಾಹೇಬರು ತೊಡುತ್ತಿದ್ದ ಎತ್ತರದ ಗಟ್ಟಿ ಟೋಪಿಯೊಳಗೆ ಹಣೆಗೆ ತಾಗುವ ಪಟ್ಟಿ ಮೆತ್ತಗಿರಬೇಕು, ಗಾಳಿಯಾಡಬೇಕು, ಬೆವರು ಹೀರಬೇಕು. ಅದಕ್ಕೆಂದು ಹಲ್ಲುಳ್ಳ ಎರಡು ರೋಲರುಗಳ ನಡುವೆ ಕಾಗದವನ್ನು ಹಾಯಿಸಿ ನಿರಿಗೆ ಮೂಡಿಸಿದರು. ಅಗಸರು ಅಂಗಿಯ ಕೊರಳಪಟ್ಟಿಗೆ ಗಂಜಿ ಹಾಕಿ ನಿರಿಗೆ ತೆಗೆಯಲು ಬಳಸುತ್ತಿದ್ದ ಸಲಕರಣೆಯ ಹತ್ತಿರದ ನೆಂಟ ಅದು. ಈ ಕಾಗದ ಸರಕು ಹೊರಬಲ್ಲದು ಎಂಬ ಯೋಚನೆ ಆಗ ಹುಟ್ಟಿರಲಿಲ್ಲ.

ಆ ಯೋಚನೆ ಬಂದದ್ದು ಅಟ್ಲಾಂಟಿಕ್ ಸಾಗರದ ಆಚೆ. 1871ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬಾತ ಸೀಸೆಗಳನ್ನು ಸುತ್ತಿಡಲು ನಿರಿಗೆ ಕಾಗದಕ್ಕೆ ಪೇಟೆಂಟು ಪಡೆದ. ಅದುವರೆಗೆ ಔಷಧಿಯ ಸೀಸೆಯನ್ನೂ ದೀಪದ ಚಿಮಣಿಯನ್ನೂ ಹುಲ್ಲಿನಲ್ಲೋ ಮರದ ಹೊಟ್ಟಿನಲ್ಲೋ ಹುದುಗಿಸಿ ಕಳಿಸುತ್ತಿದ್ದರು. ದಾರಿಯ ಕುಲುಕಾಟಕ್ಕೆ ಹೊಟ್ಟು ತಳಕ್ಕೆ ಜಾರಿ ಸೀಸೆಗೆ ಸೀಸೆ ತಾಗುತ್ತಿತ್ತು. ಜೋನ್ಸನ ಕಾಗದ ಜಾರುತ್ತಿರಲಿಲ್ಲ. ಆದರೆ ಅದಕ್ಕೊಂದು ದೋಷವಿತ್ತು: ಸ್ವಲ್ಪ ಎಳೆದರೆ ನಿರಿಗೆ ಬಿಚ್ಚಿಕೊಂಡು ಚಪ್ಪಟೆಯಾಗುತ್ತಿತ್ತು. ಮೂರು ವರ್ಷಗಳ ನಂತರ, 1874ರಲ್ಲಿ, ಆಲಿವರ್ ಲಾಂಗ್ ಎಂಬಾತ ನಿರಿಗೆಯ ತುದಿಗಳಿಗೆ ಅಂಟು ಹಚ್ಚಿ ಚಪ್ಪಟೆ ಹಾಳೆಯೊಂದನ್ನು ಕೂಡಿಸಿದ. ನಿರಿಗೆ ಇನ್ನು ಬಿಚ್ಚಿಕೊಳ್ಳುವಂತಿರಲಿಲ್ಲ. ಸೆರಗಿಗೆ ಪಿನ್ನು ಹಾಕಿದಂತೆ ಎನ್ನಿ. ಎರಡೂ ಬದಿಗೆ ಹಾಳೆ ಅಂಟಿಸಿದಾಗ ಈಗ ನಾವು ಕಾಣುವ ರಟ್ಟು ಆಯಿತು. ನಮ್ಮ ಪೆಟ್ಟಿಗೆ ತಯಾರಕರು ಇದನ್ನು ಮೂರು ಪ್ಲೈ ಎನ್ನುತ್ತಾರೆ. ನಿರಿಗೆ ಎರಡು ಸಾಲಾದರೆ ಐದು ಪ್ಲೈ, ಮೂರು ಸಾಲಾದರೆ ಏಳು.

ಆಗ ನಡುವಿನ ಹಾಳೆ ಹೆಚ್ಚಾಗಿ ಗೋಧಿಹುಲ್ಲಿನಿಂದ ಮಾಡಿದ ಹಳದಿ ಕಾಗದ. ಮುಂದೆ ಅಮೆರಿಕದಲ್ಲಿ ಚರ್ಮ ಹದಮಾಡಲು ಚೆಸ್ಟ್‌ನಟ್ ಮರದಿಂದ ಟ್ಯಾನಿನ್ ತೆಗೆದ ಮೇಲೆ ಉಳಿಯುತ್ತಿದ್ದ ಚಕ್ಕೆಯನ್ನೂ ಇದಕ್ಕೆ ಹಚ್ಚಿದರು. ಕಸದಿಂದ ಪೆಟ್ಟಿಗೆ ಮಾಡುವುದು ಈಚಿನ ಪರಿಸರ ಕಾಳಜಿಯಿಂದ ಹುಟ್ಟಿದ್ದೇನೂ ಅಲ್ಲ, ಆ ಉದ್ಯಮದ ಹುಟ್ಟುಗುಣವೇ ಅದು. ಹೊರಗಿನ ಹಾಳೆಗೆ ಮಾತ್ರ ಗಟ್ಟಿ ಕಾಗದ ಬೇಕಾಗಿತ್ತು. ಅದನ್ನು ಒದಗಿಸಿದವನು ಕಾರ್ಲ್ ಡಾಲ್ ಎಂಬ ರಸಾಯನ ತಜ್ಞ. ಆಗ ಜರ್ಮನಿಗೆ ಸೇರಿದ್ದ ಡಾನ್‌ಜಿಗ್ ಪಟ್ಟಣದಲ್ಲಿ 1879ರ ಸುಮಾರಿಗೆ ಅವನು ಕಂಡುಕೊಂಡ ವಿಧಾನದಲ್ಲಿ ಪೈನ್ ಮರದ ಉದ್ದನೆಯ ನಾರು ತುಂಡಾಗದೆ ಉಳಿಯುತ್ತದೆ. ಜರ್ಮನ್ ಭಾಷೆಯಲ್ಲಿ ಕ್ರಾಫ್ಟ್ ಎಂದರೆ ಬಲ. ನಮ್ಮ ಸ್ಟೇಷನರಿ ಅಂಗಡಿಯಲ್ಲಿ ಪುಸ್ತಕಕ್ಕೆ ಬೈಂಡು ಹಾಕಲು ಕೊಡುವ ಕಂದು ಕಾಗದಕ್ಕೆ ಇಂದಿಗೂ ಉಳಿದಿರುವುದು ಅದೇ ಹೆಸರು.

ಇಷ್ಟಾದರೂ ಪೆಟ್ಟಿಗೆ ಇನ್ನೂ ಆಗಿರಲಿಲ್ಲ. ರಟ್ಟು ಇತ್ತು, ಅಷ್ಟೆ. ರಟ್ಟನ್ನು ಅಗ್ಗವಾಗಿ, ಬೇಗನೆ, ಸಾವಿರ ಸಂಖ್ಯೆಯಲ್ಲಿ ಪೆಟ್ಟಿಗೆಯಾಗಿಸುವ ದಾರಿ ತೋರಿದವನು ರಾಬರ್ಟ್ ಗೇರ್. 1839ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕ ಸೇರಿ, ಅಲ್ಲಿಯ ಅಂತರ್ಯುದ್ಧದಲ್ಲಿ ಸೈನಿಕನಾಗಿ ಹೋರಾಡಿ ಬಂದು ಕಾಗದದ ಚೀಲದ ವ್ಯಾಪಾರಕ್ಕಿಳಿದವನು. 1879ರಲ್ಲಿ ಅವನ ಮುದ್ರಣಾಲಯದಲ್ಲಿ ಒಂದು ಎಡವಟ್ಟಾಯಿತು. ಬಿತ್ತನೆ ಬೀಜದ ಚೀಲಗಳನ್ನು ಅಚ್ಚುಹಾಕುತ್ತಿದ್ದಾಗ ಯಂತ್ರದಲ್ಲಿದ್ದ ಲೋಹದ ಪಟ್ಟಿಯೊಂದು ಇರಬೇಕಾದ ಮಟ್ಟಕ್ಕಿಂತ ಮೇಲೆದ್ದಿತ್ತು. ಮಡಿಕೆಯ ಗೆರೆ ಮೂಡಿಸಬೇಕಾದ ಪಟ್ಟಿ ಕಾಗದವನ್ನೇ ಕತ್ತರಿಸಿತು. ಸಾವಿರಾರು ಚೀಲ ಹಾಳಾದವು. ಬೇರೆ ಮಾಲೀಕನಾಗಿದ್ದರೆ ಕೆಲಸದವನನ್ನು ಬೈದು ಸುಮ್ಮನಾಗುತ್ತಿದ್ದನೇನೋ. ಗೇರ್ ಆ ಹಾಳಾದ ಚೀಲಗಳಲ್ಲಿ ಬೇರೊಂದನ್ನು ಕಂಡ. ಒಂದೇ ಚೌಕಟ್ಟಿನಲ್ಲಿ ಕೆಲವು ಪಟ್ಟಿಗಳನ್ನು ಎತ್ತರದಲ್ಲಿ ಹರಿತವಾಗಿಯೂ ಕೆಲವನ್ನು ತಗ್ಗಿನಲ್ಲಿ ಮೊಂಡಾಗಿಯೂ ಕೂರಿಸಿದರೆ, ಒಂದೇ ಒತ್ತಿಗೆ ಕತ್ತರಿಸುವುದೂ ಮಡಿಕೆಯ ಗೆರೆ ಎಳೆಯುವುದೂ ಎರಡೂ ಮುಗಿಯುತ್ತದಲ್ಲವೇ?

ಇದರ ಬೆಲೆ ತಿಳಿಯಬೇಕಾದರೆ ಆ ಮೊದಲಿನ ರೀತಿಯನ್ನು ನೆನೆಯಬೇಕು. ರಟ್ಟಿಗೆ ಕೈಯಿಂದ ಗೆರೆ ಎಳೆದು, ಮೂಲೆ ಕತ್ತರಿಸಿ, ಮಡಿಸಿ, ಅಂಟಿಸಿ ಒಂದೊಂದೇ ಡಬ್ಬಿ ಮಾಡುತ್ತಿದ್ದರು. ಆದ್ದರಿಂದ ಆಭರಣ, ಔಷಧಿಯಂಥ ಬೆಲೆಬಾಳುವ ಸರಕಿಗೆ ಮಾತ್ರ ಡಬ್ಬಿ. ಬಿಸ್ಕತ್ತು ಸಕ್ಕರೆ ಮುಂತಾದವು ಪೀಪಾಯಿಯಲ್ಲಿ ಬಿಡಿಯಾಗಿ ಬರುತ್ತಿದ್ದವು. ಜೊತೆಗೆ, ತಯಾರಾದ ಡಬ್ಬಿಯನ್ನು ಸಾಗಿಸುವುದೆಂದರೆ ಗಾಳಿಯನ್ನು ಸಾಗಿಸಿದಂತೆ. ಗೇರ್‌ನ ಡಬ್ಬಿಗಳು ಚಪ್ಪಟೆಯಾಗಿ, ಕಟ್ಟು ಕಟ್ಟಾಗಿ ಹೋಗುತ್ತಿದ್ದವು. ಸರಕು ತುಂಬುವ ಜಾಗದಲ್ಲಿ ಅವನ್ನು ಮಡಿಸಿ ನಿಲ್ಲಿಸಿದರಾಯಿತು. ಮೊದಲು ತೆಳು ರಟ್ಟಿಗೆ ಬಂದ ಈ ಉಪಾಯವೇ ಮುಂದೆ ನಿರಿಗೆ ರಟ್ಟಿಗೂ ದಾರಿಯಾಯಿತು. ಬ್ರೂಕ್ಲಿನ್‌ನ ನದೀತೀರದಲ್ಲಿ ಅವನ ಕಟ್ಟಡಗಳು ಎಷ್ಟು ಬೆಳೆದವೆಂದರೆ ಜನ ಆ ಬಡಾವಣೆಯನ್ನೇ ಗೇರ್‌ವಿಲ್ ಎಂದು ಕರೆದರು. ಅವನು ತೀರಿಕೊಂಡದ್ದು 1927ರಲ್ಲಿ.

ಪೆಟ್ಟಿಗೆಯ ವಿನ್ಯಾಸದಲ್ಲೂ ಒಂದು ಲೆಕ್ಕಾಚಾರದ ಸೊಗಸಿದೆ. ಸಾಮಾನ್ಯ ಪೆಟ್ಟಿಗೆಯ ನಾಲ್ಕು ಗೋಡೆಗಳು ಒಂದೇ ಉದ್ದನೆಯ ತುಂಡು. ಮೇಲೆ ನಾಲ್ಕು, ಕೆಳಗೆ ನಾಲ್ಕು ರೆಕ್ಕೆಗಳು. ಎಲ್ಲ ರೆಕ್ಕೆಗಳ ಎತ್ತರವೂ ಒಂದೇ, ಪೆಟ್ಟಿಗೆಯ ಅಗಲದ ಅರ್ಧ. ಆದ್ದರಿಂದ ಹೊರಗಿನ ಎರಡು ರೆಕ್ಕೆಗಳು ಸರಿಯಾಗಿ ನಡುಮಧ್ಯೆ ಕೂಡುತ್ತವೆ. ರೆಕ್ಕೆಗಳ ನಡುವಣ ಕಿರಿದಾದ ಸೀಳುಗಳ ಹೊರತಾಗಿ ರಟ್ಟು ವ್ಯರ್ಥವಾಗುವುದೇ ಇಲ್ಲವೆನ್ನಬಹುದು. ನಮ್ಮ ದರ್ಜಿಗಳು ಮೆಚ್ಚಬೇಕಾದ ಕತ್ತರಿಕೆ ಇದು.

ಇನ್ನು ನಿಜವಾದ ಜಗಳಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸರಕೆಲ್ಲ ರೈಲಿನಲ್ಲಿ ಹೋಗುತ್ತಿತ್ತು, ಮರದ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು. ಸರಕು ಒಡೆದರೆ ಪರಿಹಾರ ಕೊಡಬೇಕಾದದ್ದು ರೈಲ್ವೆ ಕಂಪನಿ. ಕಾಗದದ ಪೆಟ್ಟಿಗೆಯನ್ನು ಅವರು ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು, ಏಕೆಂದರೆ ಆಗಿನ ಎಷ್ಟೋ ಪೆಟ್ಟಿಗೆಗಳು ನಿಜಕ್ಕೂ ದುರ್ಬಲವಾಗಿದ್ದವು. 1903ರಲ್ಲಿ ಬೆಳಗಿನ ಉಪಾಹಾರದ ಧಾನ್ಯದ ಅವಲಕ್ಕಿಯಂಥ ಹಗುರ ಸರಕಿಗೆ ಮೊದಲ ಅನುಮತಿ ದೊರೆಯಿತು. ಆದರೆ ದೇಶದ ಪಶ್ಚಿಮ ಭಾಗದಲ್ಲಿ, ಕಾಡು ಹೆಚ್ಚಾಗಿ ಮರದ ಪೆಟ್ಟಿಗೆಯ ಉದ್ಯಮ ಬಲವಾಗಿದ್ದ ಕಡೆ, ಕಾಗದದ ಪೆಟ್ಟಿಗೆಯಲ್ಲಿಟ್ಟ ಸರಕಿಗೆ ರೈಲ್ವೆಯವರು ಹೆಚ್ಚು ಸಾಗಣೆ ದರ ವಿಧಿಸಿದರು. ಸರಕು ಅದೇ, ದೂರ ಅದೇ, ಪೆಟ್ಟಿಗೆ ಮಾತ್ರ ಬೇರೆ. ಅಗ್ಗದ ಪೆಟ್ಟಿಗೆಯಿಂದ ಉಳಿದ ಹಣವನ್ನು ದುಬಾರಿ ದರ ನುಂಗಿಬಿಟ್ಟರೆ ಅದನ್ನು ಯಾರು ಕೊಳ್ಳುತ್ತಾರೆ?

ಕ್ಯಾಲಿಫೋರ್ನಿಯಾದ ಪ್ರಿಡಮ್ ಎಂಬ ಪೆಟ್ಟಿಗೆ ಕಂಪನಿ ಇದರ ವಿರುದ್ಧ ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ದೂರು ಕೊಟ್ಟಿತು. 1914ರಲ್ಲಿ ಆಯೋಗ ತೀರ್ಪು ನೀಡಿತು: ನಿಗದಿತ ಗುಣಮಟ್ಟದ ಕಾಗದದ ಪೆಟ್ಟಿಗೆಗೂ ಮರದ ಪೆಟ್ಟಿಗೆಗೂ ಸಾಗಣೆ ದರದಲ್ಲಿ ಭೇದ ಮಾಡಕೂಡದು. ಪೆಟ್ಟಿಗೆಯ ಚರಿತ್ರೆಯಲ್ಲಿ ಹಲ್ಲಿನ ರೋಲರಿನಷ್ಟೇ ಮಹತ್ವದ್ದು ಈ ತೀರ್ಪು ಎಂಬುದು ನನ್ನ ಅಭಿಪ್ರಾಯ. ಯಂತ್ರ ಕಂಡುಹಿಡಿದ ಮಾತ್ರಕ್ಕೆ ವಸ್ತು ಬಳಕೆಗೆ ಬರುವುದಿಲ್ಲ, ದಾರಿಯಲ್ಲಿ ಸುಂಕದ ಕಟ್ಟೆಗಳಿರುತ್ತವೆ. ಈ ತೀರ್ಪಿನ ಇನ್ನೊಂದು ಮಗ್ಗುಲೂ ಇದೆ. ಮರದ ಪೆಟ್ಟಿಗೆಗೆ ಮೊಳೆ ಹೊಡೆದು ಬದುಕುತ್ತಿದ್ದವರ ಕಸುಬು ಅಲ್ಲಿಂದ ಮುಂದೆ ಇಳಿಮುಖವಾಯಿತು.

ಭೇದ ಮಾಡಕೂಡದು ಎಂದಾದ ಮೇಲೆ ಗುಣಮಟ್ಟವನ್ನು ಅಳೆಯುವ ಬಗೆ ಬೇಕಲ್ಲ? ಮಸಾಚುಸೆಟ್ಸಿನ ಜಾನ್ ಮಲ್ಲೆನ್ 1887ರಲ್ಲೇ ಒಂದು ಯಂತ್ರ ಮಾಡಿದ್ದ. ರಟ್ಟನ್ನು ಬಿಗಿಯಾಗಿ ಹಿಡಿದು, ಕೆಳಗಿನಿಂದ ರಬ್ಬರಿನ ಪೊರೆಯನ್ನು ಉಬ್ಬಿಸುತ್ತ ಹೋಗುವುದು. ಎಷ್ಟು ಒತ್ತಡಕ್ಕೆ ರಟ್ಟು ಬಿರಿಯಿತೋ ಅದು ಅದರ ಬಲ. ರೈಲ್ವೆಯ 41ನೆಯ ನಿಯಮದಂತೆ ಪೆಟ್ಟಿಗೆ ಮಾಡಿದವನು ತನ್ನ ಹೆಸರು, ಬಿರಿತದ ಬಲ, ತುಂಬಬಹುದಾದ ತೂಕ ಇವನ್ನೆಲ್ಲ ಪೆಟ್ಟಿಗೆಯ ಮೇಲೆ ಅಚ್ಚುಹಾಕಿ ಸಾಕ್ಷಿ ನಿಲ್ಲಬೇಕಾಯಿತು. ಅಮೆರಿಕದಿಂದ ಬಂದ ಪೆಟ್ಟಿಗೆ ನಿಮ್ಮಲ್ಲಿದ್ದರೆ ತಳದ ರೆಕ್ಕೆಯ ಮೇಲೆ ದುಂಡನೆಯ ಮುದ್ರೆಯನ್ನು ಹುಡುಕಿ. ಅದು ಅಲಂಕಾರವಲ್ಲ, ಆ ಹಳೆಯ ಜಗಳದ ರಾಜಿ ಪತ್ರ. ನಮ್ಮಲ್ಲಿಯೂ ಕಾಗದದ ವ್ಯಾಪಾರಿಗಳು 18 ಬಿ.ಎಫ್., 22 ಬಿ.ಎಫ್. ಎಂದು ಮಾತಾಡುವುದು ಇದೇ ಬಿರಿತದ ಲೆಕ್ಕವನ್ನು. ಭಾರತೀಯ ಮಾನಕ ಸಂಸ್ಥೆಯ 2771ನೆಯ ಮಾನಕ ಇಂಥ ಪೆಟ್ಟಿಗೆಗಳಿಗೆಂದೇ ಇದೆ.

ಈಗ ಕಾರ್ಖಾನೆಯೊಳಗೆ ಕಾಲಿಡೋಣ. ದೊಡ್ಡ ಕಾರ್ಖಾನೆಯಲ್ಲಿ ರಟ್ಟು ಮಾಡುವ ಯಂತ್ರ ಒಂದು ಬೀದಿಯಷ್ಟು ಉದ್ದವಿರುತ್ತದೆ. ಒಂದು ತುದಿಯಲ್ಲಿ ಕಾಗದದ ಭಾರಿ ಉರುಳೆಗಳು. ನಡುವಿನ ಕಾಗದಕ್ಕೆ ಮೊದಲು ಹಬೆ ಕೊಟ್ಟು ಮೆತ್ತಗೆ ಮಾಡುತ್ತಾರೆ. ಅನಂತರ ಅದು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ತಿರುಗುವ ಎರಡು ಉಕ್ಕಿನ ರೋಲರುಗಳ ನಡುವೆ ಹಾಯುತ್ತದೆ. ಹಬೆಯಿಂದ ಕಾದ ಆ ರೋಲರಿನ ಬಿಸಿ ಸುಮಾರು 170ರಿಂದ 180 ಡಿಗ್ರಿ. ನಿರಿಗೆ ಮೂಡಿದ ಕ್ಷಣವೇ ಅದರ ತುದಿಗಳಿಗೆ ಅಂಟು ತಾಗುತ್ತದೆ, ಹಿಂದೆಯೇ ಚಪ್ಪಟೆ ಹಾಳೆ ಬಂದು ಒತ್ತಿಕೊಳ್ಳುತ್ತದೆ. ಮುಂದೆ ಇನ್ನೊಂದು ಬದಿಯ ಹಾಳೆಯೂ ಕೂಡಿ, ಕಾದ ಉಕ್ಕಿನ ಹಲಗೆಗಳ ಮೇಲೆ ಜಾರುತ್ತ ಒಣಗಿ, ಉದ್ದುದ್ದಕ್ಕೆ ಸೀಳಿ, ಅಡ್ಡಕ್ಕೆ ಕತ್ತರಿಸಿಕೊಂಡು ಇನ್ನೊಂದು ತುದಿಯಲ್ಲಿ ಹಾಳೆಯಾಗಿ ಬೀಳುತ್ತದೆ. ಹೊಸ ಯಂತ್ರಗಳಲ್ಲಿ ಇದೆಲ್ಲ ನಿಮಿಷಕ್ಕೆ 300 ಮೀಟರಿಗೂ ಹೆಚ್ಚಿನ ವೇಗದಲ್ಲಿ ನಡೆಯುತ್ತದೆ.

ಆ ವೇಗ ಸಾಧ್ಯವಾದದ್ದು ಅಂಟಿನಿಂದ. ಮೊದಲು ಸೋಡಿಯಂ ಸಿಲಿಕೇಟ್ ಬಳಸುತ್ತಿದ್ದರು. ಅದು ನಿಧಾನ, ಜೊತೆಗೆ ಒಣಗಿದರೆ ಗಾಜಿನಂತೆ ಯಂತ್ರಕ್ಕೆ ಕಚ್ಚಿಕೊಳ್ಳುತ್ತಿತ್ತು. 1930ರ ದಶಕದಲ್ಲಿ ಸ್ಟೈನ್ ಹಾಲ್ ಎಂಬ ಕಂಪನಿಯ ಜೋರ್ಡನ್ ಬಾಯರ್ ಮೆಕ್ಕೆಜೋಳದ ಪಿಷ್ಟದಿಂದ ಅಂಟು ಮಾಡುವ ಬಗೆ ಕಂಡುಹಿಡಿದ. ರಾಗಿ ಮುದ್ದೆ ಮಾಡಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಎಸರಿಗೆ ಮೊದಲು ಸ್ವಲ್ಪ ಹಿಟ್ಟು ಕಲಸಿ ತೆಳ್ಳಗೆ ಗಂಜಿ ಕುದಿಸುತ್ತೀರಿ, ಆಮೇಲೆ ಉಳಿದ ಹಿಟ್ಟು ಹಾಕುತ್ತೀರಿ. ಬಾಯರ್ ಮಾಡಿದ್ದೂ ಹಾಗೆಯೇ. ಸ್ವಲ್ಪ ಪಿಷ್ಟವನ್ನು ಬೇಯಿಸಿ ಗಂಜಿ ಮಾಡಿ, ಅದರಲ್ಲಿ ಹಸಿ ಪಿಷ್ಟ ತೇಲುವಂತೆ ಬೆರೆಸಿದ. ಗಂಜಿಯ ದೆಸೆಯಿಂದ ಹಸಿ ಪಿಷ್ಟ ತಳಕ್ಕಿಳಿಯುವುದಿಲ್ಲ. ಈ ಮಿಶ್ರಣ ನಿರಿಗೆಯ ತುದಿಗೆ ತಾಗಿ ಬಿಸಿ ಹಾಳೆ ಮೇಲೆ ಬಂದಾಗ ಹಸಿ ಪಿಷ್ಟ ಅಲ್ಲೇ ಬೇಯುತ್ತದೆ, ನೀರನ್ನು ಹೀರಿ ಉಬ್ಬುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಕಾಸ್ಟಿಕ್ ಸೋಡ ಬೆರೆಸಿದರೆ ಇನ್ನೂ ಕಡಿಮೆ ಬಿಸಿಗೆ ಬೇಯುತ್ತದೆ, ಬೋರಾಕ್ಸ್ ಸೇರಿಸಿದರೆ ಜಿಗುಟು ಹೆಚ್ಚುತ್ತದೆ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಬೆಳೆಯುವ ಮೆಕ್ಕೆಜೋಳ ಕೋಳಿಯ ಮೇವಿಗಷ್ಟೇ ಅಲ್ಲ, ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ.

ನಿರಿಗೆಗಳಲ್ಲಿ ಜಾತಿಗಳುಂಟು. ಅವುಗಳ ಹೆಸರು ಎ, ಬಿ, ಸಿ, ಇ. ಗಾತ್ರದ ಕ್ರಮದಲ್ಲಿ ಇಟ್ಟ ಹೆಸರಲ್ಲ, ಬಳಕೆಗೆ ಬಂದ ಕ್ರಮದಲ್ಲಿ ಇಟ್ಟದ್ದು. ಹಾಗಾಗಿ ಹೊಸಬರು ತಪ್ಪದೆ ಗಲಿಬಿಲಿಗೊಳ್ಳುತ್ತಾರೆ. ಎ ಎಲ್ಲಕ್ಕಿಂತ ಎತ್ತರ, ಸುಮಾರು ನಾಲ್ಕೂಮುಕ್ಕಾಲು ಮಿಲಿಮೀಟರು. ಒಂದು ಅಡಿಗೆ 33 ನಿರಿಗೆ. ಬಿ ಸುಮಾರು ಎರಡೂವರೆ ಮಿಲಿಮೀಟರು, ಅಡಿಗೆ 47. ಸಿ ಇವೆರಡರ ನಡುವಣದು. ಇ ಬಲು ಸಣ್ಣದು, ಅಡಿಗೆ 90ರಷ್ಟು. ಪಾದರಕ್ಷೆ, ಪಿಜ್ಜಾ ಬರುವಂಥ ತೆಳು ಡಬ್ಬಿಗಳು ಅದರವು. ಎತ್ತರದ ನಿರಿಗೆ ಭಾರ ಹೊರುತ್ತದೆ, ಗಿಡ್ಡ ನಿರಿಗೆ ಒತ್ತಡಕ್ಕೆ ಚಪ್ಪಟೆಯಾಗದು ಮತ್ತು ಮುದ್ರಣಕ್ಕೆ ಒಳ್ಳೆಯದು.

ಮುದ್ರಣದ ಮಾತು ಬಂತು. ಇದೇ ಈ ಕಸುಬಿನ ಕಷ್ಟದ ಕೆಲಸ. ಪುಸ್ತಕದ ಹಾಳೆಯನ್ನು ಎಷ್ಟು ಬೇಕಾದರೂ ಒತ್ತಬಹುದು. ರಟ್ಟನ್ನು ಒತ್ತಿದರೆ ನಿರಿಗೆ ಕುಸಿಯುತ್ತದೆ, ನಿರಿಗೆ ಕುಸಿದರೆ ಪೆಟ್ಟಿಗೆಯ ಬಲ ಹೋಯಿತು. ಒತ್ತದಿದ್ದರೆ ಮಸಿ ಹತ್ತುವುದಿಲ್ಲ. ನಿರಿಗೆಯ ಏರಿನ ಮೇಲೆ ಮಸಿ ದಟ್ಟವಾಗಿ, ಇಳಿಯಲ್ಲಿ ತೆಳುವಾಗಿ ಬಿದ್ದು, ಚಿತ್ರದ ತುಂಬ ಪಟ್ಟೆ ಪಟ್ಟೆ ಕಾಣುವುದನ್ನು ನೀವೂ ಗಮನಿಸಿರುತ್ತೀರಿ. ಹಳೆಯ ಕಾಲದಲ್ಲಿ ಎಣ್ಣೆಯ ಮಸಿಯಿಂದ ಅಚ್ಚುಹಾಕಿ ಒಣಗಲು ಗಂಟೆಗಟ್ಟಲೆ ಕಾಯಬೇಕಾಗಿತ್ತು.

ಪರಿಹಾರ ಬಂದದ್ದು ಕಾಗದದ ಚೀಲದ ಮುದ್ರಣದಿಂದ. 1890ರಲ್ಲಿ ಲಿವರ್‌ಪೂಲಿನ ಬಿಬಿ, ಬ್ಯಾರನ್ ಕಂಪನಿಯವರು ರಬ್ಬರಿನ ಅಚ್ಚು, ನೀರಿನಂಥ ತೆಳು ಮಸಿ ಬಳಸುವ ಯಂತ್ರ ಮಾಡಿದರು. ಮಸಿ ಹರಡಿಕೊಂಡು ಎಲ್ಲ ಕಲಸುಮೇಲೋಗರವಾಯಿತು. ಜನ ನಕ್ಕು ಅದಕ್ಕೆ ಬಿಬಿಯ ಮೂರ್ಖತನ ಎಂದು ಹೆಸರಿಟ್ಟರು. ಮುಂದೆ ಮಸಿ ಸುಧಾರಿಸಿತು. ಕಲ್ಲಿದ್ದಲ ಡಾಂಬರಿನಿಂದ ಬರುವ ಅನಿಲಿನ್ ಬಣ್ಣ ಬಳಸುತ್ತಿದ್ದುದರಿಂದ ಇದಕ್ಕೆ ಅನಿಲಿನ್ ಮುದ್ರಣ ಎಂಬ ಹೆಸರು ಬಂತು. ಆ ಹೆಸರೇ ಆಮೇಲೆ ಶಾಪವಾಯಿತು. ಅನಿಲಿನ್ ಬಣ್ಣ ಆಹಾರದ ಹೊದಿಕೆಗೆ ಸಲ್ಲದು ಎಂಬ ಮಾತು 1940ರ ದಶಕದಲ್ಲಿ ಅಮೆರಿಕದಲ್ಲಿ ಹರಡಿತು. ಮಸಿ ಬದಲಾದರೂ ಹೆಸರಿನ ಕಳಂಕ ಹೋಗಲಿಲ್ಲ. ಕೊನೆಗೆ 1952ರಲ್ಲಿ ಉದ್ಯಮದವರೆಲ್ಲ ಸೇರಿ ಹೊಸ ಹೆಸರು ಆರಿಸಿದರು: ಫ್ಲೆಕ್ಸೋಗ್ರಫಿ. ಅದೇ ಯಂತ್ರ, ಹೊಸ ನಾಮಕರಣ. ವ್ಯಾಪಾರ ಚಿಗುರಿತು.

ಈ ವಿಧಾನದ ಗುಟ್ಟು ಅನಿಲಾಕ್ಸ್ ಎಂಬ ರೋಲರಿನಲ್ಲಿದೆ. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು. ಪ್ರತಿ ಗುಳಿಯೂ ಅಳತೆಯಷ್ಟೇ ಮಸಿ ಹೊತ್ತು ಅಚ್ಚಿಗೆ ಹಚ್ಚುತ್ತದೆ, ಮೆತ್ತನೆಯ ಅಚ್ಚು ರಟ್ಟನ್ನು ಮುಟ್ಟಿದಂತೆ ಮಾಡಿ ಸರಿಯುತ್ತದೆ. ನೀರಿನ ಮಸಿಯನ್ನು ಕಂದು ಕಾಗದ ತಕ್ಷಣ ಹೀರಿಕೊಳ್ಳುತ್ತದೆ. ಹಾಗಾಗಿ ಅಚ್ಚುಹಾಕುವುದು, ಸೀಳು ಕತ್ತರಿಸುವುದು, ಮಡಿಸುವುದು, ಅಂಟಿಸುವುದು ಎಲ್ಲವೂ ಒಂದೇ ಯಂತ್ರದಲ್ಲಿ ಒಂದರ ಹಿಂದೊಂದು ಮುಗಿಯುತ್ತವೆ. ರಬ್ಬರಿನ ಅಚ್ಚನ್ನು ಮೊದಲು ಕೈಯಿಂದ ಕೊರೆಯುತ್ತಿದ್ದರು, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ನಮ್ಮ ಕನ್ನಡದ ಒತ್ತಕ್ಷರಗಳು ಇಲ್ಲಿ ಬಹಳ ಕಾಡುತ್ತವೆ. ಸುರುಳಿಯೊಳಗಿನ ಸಣ್ಣ ಕಣ್ಣಿಗೆ ಮಸಿ ತುಂಬಿ ಅದು ಬರೀ ಚುಕ್ಕೆಯಾಗಿಬಿಡುತ್ತದೆ. 1970ರ ದಶಕದಿಂದ ಬೆಳಕಿಗೆ ಗಟ್ಟಿಯಾಗುವ ಪಾಲಿಮರ್ ಅಚ್ಚುಗಳು ಬಂದ ಮೇಲೆ ಸೂಕ್ಷ್ಮ ಗೆರೆ ಸಾಧ್ಯವಾಯಿತು. ನುಣುಪಾದ ಬಣ್ಣದ ಚಿತ್ರವೇ ಬೇಕೆಂದರೆ ಬೇರೆ ದಾರಿ ಉಂಟು: ಹೊರಗಿನ ಹಾಳೆಯನ್ನು ಮೊದಲೇ ಆಫ್‌ಸೆಟ್‌ನಲ್ಲಿ ಅಚ್ಚುಮಾಡಿ ನಿರಿಗೆಯ ಮೇಲೆ ಅಂಟಿಸುವುದು. ನಮ್ಮಲ್ಲಿ ಮಿಕ್ಸಿ, ಕುಕ್ಕರುಗಳ ಬಣ್ಣದ ಪೆಟ್ಟಿಗೆಗಳು ಹೆಚ್ಚಾಗಿ ಹೀಗೆ ಆಗುತ್ತವೆ.

ಪೆಟ್ಟಿಗೆಯ ಮೇಲಿನ ಗುರುತುಗಳನ್ನೂ ಗಮನಿಸಿ. ಕಾಲುಳ್ಳ ಗಾಜಿನ ಲೋಟ, ಕೊಡೆ, ಮೇಲ್ಮುಖದ ಎರಡು ಬಾಣ. ಮಂಗಳೂರು ಬಂದರಿನ ಹಮಾಲಿಗೂ ಹ್ಯಾಂಬರ್ಗಿನ ಹಮಾಲಿಗೂ ಭಾಷೆ ಬೇರೆ, ಚಿತ್ರ ಒಂದೇ. ಸಾಗಣೆ ಪೆಟ್ಟಿಗೆಯ ಬಾರ್‌ಕೋಡಿನ ಸುತ್ತ ದಪ್ಪ ಕಪ್ಪು ಚೌಕಟ್ಟು ಇರುವುದೂ ಅಂದಕ್ಕಲ್ಲ. ಅಚ್ಚಿನ ಒತ್ತಡವನ್ನು ಸುತ್ತಲೂ ಸಮನಾಗಿ ಹಂಚಿ ಒಳಗಿನ ಗೆರೆಗಳು ಉಬ್ಬದಂತೆ ಕಾಯುವುದು ಅದರ ಮುಖ್ಯ ಕೆಲಸ.

ಪೆಟ್ಟಿಗೆ ಎಷ್ಟು ಭಾರ ತಡೆಯುತ್ತದೆ? ಅಮೆರಿಕದ ವಿಸ್ಕಾನ್ಸಿನ್ನಿನ ಕಾಗದ ರಸಾಯನ ಸಂಸ್ಥೆಯಲ್ಲಿ ಮೆಕೀ ಮತ್ತು ಸಂಗಡಿಗರು 1963ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ರಟ್ಟಿನ ಅಂಚಿನ ಬಲ ದುಪ್ಪಟ್ಟಾದರೆ ಪೆಟ್ಟಿಗೆಯ ಬಲವೂ ದುಪ್ಪಟ್ಟು. ಆದರೆ ಪೆಟ್ಟಿಗೆಯ ಸುತ್ತಳತೆ ನಾಲ್ಕು ಪಟ್ಟಾದರೆ ಬಲ ಎರಡೇ ಪಟ್ಟು. ಏಕೆಂದರೆ ಭಾರದ ಬಹುಪಾಲು ಹೊರುವುದು ನಾಲ್ಕು ಮೂಲೆಗಳು, ನಡುವಿನ ಗೋಡೆ ಬೇಗ ಉಬ್ಬಿಬಿಡುತ್ತದೆ. ಆದ್ದರಿಂದ ಪೆಟ್ಟಿಗೆ ಜೋಡಿಸುವಾಗ ಮೂಲೆಯ ಮೇಲೆ ಮೂಲೆ ಕೂರಿಸಬೇಕು. ಇಟ್ಟಿಗೆ ಕಟ್ಟಿದಂತೆ ಅಡ್ಡಡ್ಡ ಇಟ್ಟರೆ ನೋಡಲು ಭದ್ರ, ನಿಜದಲ್ಲಿ ದುರ್ಬಲ. ಇನ್ನೊಂದು ಶತ್ರು ತೇವ. ಗಾಳಿಯ ತೇವಾಂಶ 90 ಶೇಕಡಕ್ಕೆ ಏರಿದರೆ ಪೆಟ್ಟಿಗೆಯ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಜೂನ್ ತಿಂಗಳ ಕರಾವಳಿಯ ಗೋದಾಮಿನಲ್ಲಿ ಕೆಳಸಾಲಿನ ಪೆಟ್ಟಿಗೆ ಸೊಂಟ ಬಗ್ಗಿಸಿ ನಿಂತಿದ್ದರೆ ಅದರ ತಪ್ಪಲ್ಲ. 1991ರಲ್ಲಿ ಅಮೆರಿಕದ ರೈಲ್ವೆ ನಿಯಮವೂ ಬಿರಿತದ ಬಲಕ್ಕೆ ಬದಲಾಗಿ ಅಂಚಿನ ಬಲವನ್ನು ಒಪ್ಪಿಕೊಂಡಿತು.

ನಮ್ಮ ನಾಡಿನಲ್ಲಿ ಈ ಪೆಟ್ಟಿಗೆ ತೆಗೆದುಕೊಂಡ ಜಾಗ ಬರೀ ಮರದ ಪೆಟ್ಟಿಗೆಯದಲ್ಲ, ಗೋಣಿಚೀಲದ್ದೂ ಬಿದಿರು ಬುಟ್ಟಿಯದೂ ಹೌದು. ಬುಟ್ಟಿ ಹೆಣೆಯುತ್ತಿದ್ದ ಮೇದಾರರ ಕಥೆಯಲ್ಲಿ ಕಾಗದ ಎರಡು ಬಾರಿ ಬರುತ್ತದೆ. ದಾಂಡೇಲಿಯ ಕಾಗದದ ಗಿರಣಿಗೆ 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು ಎಂಬುದನ್ನು ಮಾಧವ ಗಾಡ್ಗೀಳ್ ಅವರು ಬರೆದಿದ್ದಾರೆ. ಮೇದಾರರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆ ಅದರ ಎಷ್ಟೋ ಪಟ್ಟು. ಆ ಗಿರಣಿಯ ಕಾಗದ ಹೆಚ್ಚಾಗಿ ಬರೆಯುವುದಕ್ಕೆ, ಮುದ್ರಿಸುವುದಕ್ಕೆ ಆಗುವಂಥದು, ಪೆಟ್ಟಿಗೆಗಲ್ಲ. ಆದರೂ ಒಂದು ಕಡೆ ಬಿದಿರು ಕೈತಪ್ಪಿತು, ಇನ್ನೊಂದು ಕಡೆ ರಟ್ಟು ಬಂದು ಗಿರಾಕಿಯೂ ಕೈತಪ್ಪಿದ.

ಇತ್ತ ಹೊಸ ಕೈಗಳಿಗೆ ಕೆಲಸವೂ ಬಂತು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪೆಟ್ಟಿಗೆ ಮಾಡುವ ಸಣ್ಣ ಘಟಕಗಳು ತಲೆಯೆತ್ತಿದವು. ಇಂಥಲ್ಲಿ ಬೀದಿಯುದ್ದದ ಯಂತ್ರವಿಲ್ಲ. ನಿರಿಗೆ ಮಾಡಿ ಒಂದು ಬದಿಗೆ ಹಾಳೆ ಅಂಟಿಸುವ ಸಣ್ಣ ಯಂತ್ರವೊಂದು. ಉಳಿದ ಹಾಳೆಯನ್ನು ಬೇರೆ ಯಂತ್ರದಲ್ಲಿಯೋ ಕೈಯಿಂದಲೋ ಅಂಟಿಸಿ, ಭಾರ ಹೇರಿ, ಒಣಗಿಸಿ, ಗೆರೆ ಎಳೆದು, ಸೀಳು ಕತ್ತರಿಸಿ, ಕೊನೆಗೆ ತಂತಿಯ ಪಿನ್ನು ಹೊಡೆಯುತ್ತಾರೆ. ಮಳೆಗಾಲದಲ್ಲಿ ಒಣಗುವುದೇ ತಾಪತ್ರಯ. ನಂಜನಗೂಡಿನ ಸೌತ್ ಇಂಡಿಯಾ ಪೇಪರ್ ಮಿಲ್ಸ್‌ನಂಥ ಕಡೆ ಕ್ರಾಫ್ಟ್ ಕಾಗದವನ್ನೂ ಅದರಿಂದ ಪೆಟ್ಟಿಗೆಯನ್ನೂ ಒಂದೇ ಸಂಸ್ಥೆ ತಯಾರಿಸುವುದುಂಟು.

ಕಾಡಿನ ಪ್ರಶ್ನೆ ಎಲ್ಲಕ್ಕಿಂತ ನೇರವಾಗಿ ಎದುರಾದದ್ದು ಹಿಮಾಚಲ ಪ್ರದೇಶದ ಸೇಬಿನ ತೋಟಗಳಲ್ಲಿ. ವರ್ಷವರ್ಷವೂ ಸೇಬಿನ ಪೆಟ್ಟಿಗೆಗೆಂದು ಬೆಟ್ಟದ ಮರ ಉರುಳುತ್ತಿತ್ತು. 1980ರ ದಶಕದ ಕೊನೆಯಿಂದ ಅಲ್ಲಿ ರಟ್ಟಿನ ಪೆಟ್ಟಿಗೆ ಮರದ್ದರ ಜಾಗಕ್ಕೆ ಬಂತು. ಮರ ಉಳಿಯಿತು, ಬೆಳೆಗಾರ ಮಾತ್ರ ಬೇರೊಂದು ಬಲೆಗೆ ಬಿದ್ದ. ಅಲ್ಲಿ ಬಳಕೆಗೆ ಬಂದದ್ದು ತಳ ಒಂದು, ಮುಚ್ಚಳ ಒಂದು, ಒಂದರೊಳಗೊಂದು ಜಾರುವ ಎರಡು ತುಂಡಿನ ಪೆಟ್ಟಿಗೆ. ಮುಚ್ಚಳವನ್ನು ಮೇಲಕ್ಕೆತ್ತಿದಷ್ಟೂ ಹಣ್ಣು ಹಿಡಿಯುತ್ತದೆ. ಮಾರಾಟ ಪೆಟ್ಟಿಗೆಯ ಲೆಕ್ಕದಲ್ಲಿ. ಹಾಗಾಗಿ 20 ಕಿಲೋ ಎಂದುಕೊಂಡದ್ದಕ್ಕೆ 25, 30 ಕಿಲೋ ತುಂಬಿಸುವುದು ಪೇಟೆಯ ರೂಢಿಯಾಗಿ, ಹೆಚ್ಚಿನ ಹಣ್ಣು ಬೆಳೆಗಾರನ ಜೇಬಿನಿಂದ ಹೋಗುತ್ತಿತ್ತು. ವರ್ಷಗಳ ಒತ್ತಾಯದ ನಂತರ 2024ರ ಹಂಗಾಮಿನಿಂದ ಅಲ್ಲಿಯ ಸರ್ಕಾರ ಹಿಗ್ಗದ, ಒಂದೇ ತುಂಡಿನ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತು.

ಹಳೆಯ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ರದ್ದಿ ಆಯುವವರು, ಗುಜರಿ ಅಂಗಡಿಯವರು, ಅಲ್ಲಿಂದ ಗಿರಣಿ. ನೀರಿನಲ್ಲಿ ಕಲಕಿದರೆ ಪಿಷ್ಟದ ಅಂಟು ಕರಗಿ ನಾರು ಬಿಡಿಯಾಗುತ್ತದೆ, ಮತ್ತೆ ಕಾಗದವಾಗುತ್ತದೆ. ಪ್ರತಿ ಸುತ್ತಿನಲ್ಲೂ ನಾರು ಗಿಡ್ಡವಾಗುತ್ತ ಹೋಗಿ ಐದಾರು ಸುತ್ತಿಗೆ ಸೋಲುತ್ತದೆ. ಆದ್ದರಿಂದ ನಮ್ಮ ಕ್ರಾಫ್ಟ್ ಗಿರಣಿಗಳು ಉದ್ದ ನಾರಿನ ಅಮೆರಿಕದ, ಯೂರೋಪಿನ ಹಳೆಯ ಪೆಟ್ಟಿಗೆಗಳನ್ನು ಹಡಗಿನಲ್ಲಿ ತರಿಸಿ ಬೆರೆಸುತ್ತವೆ. 2021ರಲ್ಲಿ ಚೀನಾ ರದ್ದಿಯ ಆಮದನ್ನು ಪೂರ್ತಿ ನಿಲ್ಲಿಸಿದಾಗ ಅಲ್ಲಿಯ ಪೆಟ್ಟಿಗೆಗೆ ಬೇಕಾದ ಕಾಗದ ನಮ್ಮ ದೇಶದಿಂದಲೂ ಹೋಗತೊಡಗಿ, ಇಲ್ಲಿ ಕ್ರಾಫ್ಟ್ ಬೆಲೆ ಒಮ್ಮೆಲೇ ಏರಿತು. ಸೋಪು ಬಿಸ್ಕತ್ತಿನ ದೊಡ್ಡ ಕಂಪನಿಗಳಿಗೆ ಮೊದಲೇ ಒಪ್ಪಿದ ದರದಲ್ಲಿ ಪೆಟ್ಟಿಗೆ ಕೊಡಬೇಕಾಗಿದ್ದ ಸಣ್ಣ ಘಟಕಗಳು ಎರಡು ಕಡೆಯಿಂದಲೂ ಹಿಂಡಿಹೋದವು.

ನೀವು ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಕೊಡುವಾಗ ಪ್ಲಾಸ್ಟಿಕ್ ಟೇಪನ್ನು ಕಿತ್ತುಹಾಕಿ, ಚಪ್ಪಟೆ ಮಡಿಸಿ, ನೆನೆಯದಂತೆ ಇಟ್ಟುಕೊಡಿ. ಪಿನ್ನನ್ನು ಗಿರಣಿಯವರು ಆಯಸ್ಕಾಂತದಿಂದ ಹೆಕ್ಕಿಕೊಳ್ಳಬಲ್ಲರು. ಟೇಪು, ಮೇಣ ಮತ್ತು ಎಣ್ಣೆ ಹೀರಿದ ರಟ್ಟು ಮಾತ್ರ ಅವರಿಗೆ ತಲೆನೋವು. ಸಿಹಿತಿಂಡಿಯ ಜಿಡ್ಡು ಹತ್ತಿದ ಡಬ್ಬಿಯನ್ನು ಬೇರೆಯಾಗಿಯೇ ಇಡಿ.